ಕಪ್ಪು ಕಾಣದ ಕ್ಯಾಮೆರಾ

ಚಳ್ಳಕೆರೆ

ಬಸ್ಸಿನಿಂದ ಇಳಿದಾಗ ನನ್ನ ಬಲ ಹೆಗಲು ಎಡ ಹೆಗಲಿಗಿಂತ ಒಂದು ಅಂಗುಲ ಕೆಳಗಿತ್ತು. ಕಾರಣ, ಚೀಲದಲ್ಲಿದ್ದ ಕ್ಯಾಮೆರಾ. ನಾನು ಮೂವತ್ತು ವರ್ಷ ಸುದ್ದಿಮೇಜಿನಲ್ಲಿ ಕುಳಿತಿದ್ದ ಮಂಗಳೂರಿನ ಪತ್ರಿಕೆಯೊಂದು ತನ್ನ ಛಾಯಾಗ್ರಾಹಕರಿಗೆ ಕೊಡಿಸಿದ್ದ ಮೊದಲ ಡಿಜಿಟಲ್ ಕ್ಯಾಮೆರಾಗಳಲ್ಲಿ ಅದೂ ಒಂದು. ನಾಲ್ಕು ಮೆಗಾಪಿಕ್ಸೆಲ್, ಇಟ್ಟಿಗೆಯ ಗಾತ್ರ, ಹೆಚ್ಚುಕಡಿಮೆ ಇಟ್ಟಿಗೆಯ ತೂಕ. ನನ್ನ ನಿವೃತ್ತಿಯ ವರ್ಷ ಕಚೇರಿಯ ಉಗ್ರಾಣ ಖಾಲಿ ಮಾಡುವಾಗ ಅದು ನನ್ನ ಪಾಲಿಗೆ ಬಂತು. ಅದೇ ಪತ್ರಿಕೆಯ ಭಾನುವಾರದ ಪುರವಣಿಯವರು ಈಗ ಹೇಳಿದ್ದರು: "ಇದರಲ್ಲಿ ಬಯಲು, ಪ್ರಾಣಿ, ಪಕ್ಷಿ ತೆಗೆದು ನೋಡಿ. ಇವತ್ತಿಗೂ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಬರೆದುಕೊಡಿ."

ನಮ್ಮ ಕರಾವಳಿಯಲ್ಲಿ ಈ ಪರೀಕ್ಷೆ ಮಾಡುವುದು ಕಷ್ಟ. ಅಲ್ಲಿ ಹತ್ತು ಮಾರು ದೂರದ ಪ್ರಾಣಿಯೂ ಯಾವುದಾದರೊಂದು ಎಲೆಯ ಹಿಂದೆ ಇರುತ್ತದೆ. ಚಳ್ಳಕೆರೆಯ ಬಯಲಿನಲ್ಲಿ ಅಡಗಲು ಜಾಗವಿಲ್ಲ ಎಂದು ಯಾರೋ ಹೇಳಿದ್ದರು. ಬಂದ ಮೇಲೆ ತಿಳಿಯಿತು, ನೆರಳಿಗೂ ಜಾಗವಿಲ್ಲ.

ಮೊದಲ ದಿನವೇ ಬ್ಯಾಟರಿ ಸತ್ತಿತು. ಅಂಥ ಬ್ಯಾಟರಿ ಈಗ ಎಲ್ಲಿಯೂ ಸಿಗುವುದಿಲ್ಲ. ವಸತಿಗೃಹದವನು ಬಸ್ ನಿಲ್ದಾಣದ ಹಿಂದಿನ ಬೀದಿಯ ಬಾಬಾಜಾನರ ಅಂಗಡಿ ತೋರಿಸಿದ. ಕಡಲೆಕಾಯಿ ಎಣ್ಣೆಯ ವಾಸನೆ ದಟ್ಟವಾಗಿದ್ದ ಬೀದಿಯಲ್ಲಿ ಎರಡಾಳು ಅಗಲದ ಅಂಗಡಿ. ಟಾರ್ಚು, ಮಿಕ್ಸಿ, ಗೋಡೆ ಗಡಿಯಾರ, ಔಷಧಿ ಹೊಡೆಯುವ ಪಂಪು, ಎಲ್ಲವನ್ನೂ ಅವರು ರಿಪೇರಿ ಮಾಡುತ್ತಿದ್ದರು. ಅರವತ್ತರ ಆಸುಪಾಸಿನ ಮನುಷ್ಯ. ಒಳಗಿದ್ದ ತಮ್ಮನೊಡನೆ ಉರ್ದುವಿನಲ್ಲಿ ಜಗಳ, ಹೊರಗಿನ ಗಿರಾಕಿಯೊಡನೆ ಕನ್ನಡದಲ್ಲಿ ನಗು, ಎರಡನ್ನೂ ಒಟ್ಟಿಗೆ ನಡೆಸುತ್ತಿದ್ದರು.

ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿದರು. "ಸಾಬ್, ಇದರಾಗೆ ಫೋಟೋ ತೆಗೀತೀರೋ, ಇಲ್ಲ ಯಾರಿಗಾದ್ರೂ ಹೊಡೀತೀರೋ?"

"ಎರಡಕ್ಕೂ ಆಗಬೇಕು," ಅಂದೆ.

ಬ್ಯಾಟರಿ ಪೆಟ್ಟಿಗೆಯ ಬಾಯಿ ಬಿಡಿಸಿ, ಒಳಗಿನ ಸತ್ತ ಸೆಲ್ಲುಗಳನ್ನು ಕಿತ್ತು, ಕುರಿಗಾಹಿಗಳು ಹಣೆಗೆ ಕಟ್ಟಿಕೊಳ್ಳುವ ಟಾರ್ಚಿನ ಸೆಲ್ಲುಗಳನ್ನು ಬೆಸುಗೆ ಹಾಕಿ ಕೂರಿಸಿದರು. ಎರಡು ಗಂಟೆಯ ಕೆಲಸ. ಕ್ಯಾಮೆರಾ ಎಚ್ಚರವಾಯಿತು. ಪರೀಕ್ಷೆಗೆಂದು ಅಂಗಡಿಯ ಮುಂದೆ ಬಿಸಿಲಿಗೆ ಬಿಚ್ಚಿಟ್ಟಿದ್ದ ಅವರ ಛತ್ರಿಯ ಚಿತ್ರ ತೆಗೆದೆ. ಬೆಂಕಿಪೊಟ್ಟಣದಷ್ಟು ಅಗಲದ ಪರದೆಯನ್ನು ಅವರು ಕನ್ನಡಕ ಮೇಲೆತ್ತಿ ನೋಡಿದರು.

"ನನ್ ಛತ್ರಿ ಕರೀದು ಸಾಬ್. ಇದರಾಗೆ ಬದನೆಕಾಯಿ ಆಗೈತೆ!"

"ಅದು ನಿಮ್ಮ ತಪ್ಪಲ್ಲ. ಹುಟ್ಟಿನಿಂದ ಹೀಗೆಯೇ."

ಆ ಕಾಲದ ಕೆಲವು ಕ್ಯಾಮೆರಾಗಳಿಗೆ ಈ ದೋಷವಿತ್ತು. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕೂ ಇರುತ್ತದೆ. ಅದನ್ನು ಒಳಗೆ ಬಿಡದಂತೆ ತಡೆಯುವ ಗಾಜು ಇದರಲ್ಲಿ ತೆಳು. ಕಪ್ಪು ಬಟ್ಟೆಯೂ ಕಪ್ಪು ಕೂದಲೂ ಆ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ, ಕ್ಯಾಮೆರಾ ಅದನ್ನು ಕೆಂಪು ಎಂದು ಬರೆದುಕೊಳ್ಳುತ್ತದೆ. ಒಮ್ಮೆ ವಕೀಲರ ಮೆರವಣಿಗೆಯ ಚಿತ್ರದಲ್ಲಿ ಅಷ್ಟೂ ಜನರ ಕೋಟುಗಳು ಕುಂಕುಮ ನೀರಿನಲ್ಲಿ ಅದ್ದಿದ ಹಾಗೆ ಬಂದಿದ್ದವು. ಅವತ್ತು ಆ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿ ಪಾರಾಗಿದ್ದೆವು.

ಪ್ರಾಣಿಗಳನ್ನು ತೆಗೆಯಬೇಕು ಎಂದಾಗ ಬಾಬಾಜಾನ್ ಬೆರಳು ಮಡಚಿ ಹೇಳಿದರು. "ಜಿಂಕೆಗೆ ಕುದಾಪುರದ ಕಡೆ ಹೋಗ್ರಿ. ತೋಳಕ್ಕೆ ಕೊಂಡ್ಲಹಳ್ಳಿ ಕಡೆ. ಅಲ್ಲಿ ನಮ್ಮ ಓಬಯ್ಯ ಅದಾನೆ, ಕುರಿ ಸಾಕ್ತಾನೆ. ಟಾರ್ಚ್ ಕೆಟ್ರೆ ಇಲ್ಲಿಗೇ ಬರ್ತಾನೆ. ಹೋದ ವಾರಾನೂ ಬಂದಿದ್ದ. ತೋಳದ ಕಾಟ ಅಂತಿದ್ದ." ಆಮೇಲೆ ಸ್ವಲ್ಪ ತಡೆದು, "ತೋಳವೋ ಇನ್ನೇನೋ, ಅಲ್ಲಾನಿಗೇ ಗೊತ್ತು," ಎಂದರು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಕುದಾಪುರ

ಬೆಳಗಿನ ಜಾವದಿಂದ ಹನ್ನೊಂದರವರೆಗೆ ಹುಲ್ಲುಗಾವಲಿನಲ್ಲಿ ಕುಳಿತೆ. ಮೊಣಕಾಲು ಮಡಚಿದರೆ ಬಿಚ್ಚುವುದು ಕಷ್ಟ, ಬಿಚ್ಚಿದರೆ ಮಡಚುವುದು ಕಷ್ಟ. ದೂರದಲ್ಲಿ ಸಂಶೋಧನಾ ಸಂಸ್ಥೆಗಳ ಉದ್ದನೆಯ ಗೋಡೆ, ಅದರಾಚೆ ಬಿಳಿ ಕಟ್ಟಡಗಳು. ಈಚೆಗೆ ಹುಲ್ಲು, ಹುಲ್ಲಿನ ಮೇಲೆ ಗಾಳಿ. ನಮ್ಮ ಕಡೆ ಗಾಳಿ ಬಂದರೆ ಮರ ಸದ್ದು ಮಾಡುತ್ತದೆ. ಇಲ್ಲಿ ಗಾಳಿ ಬಂದದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಏನೂ ಕೇಳುವುದಿಲ್ಲ.

ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಹತ್ತು ನಿಮಿಷ ಆಗಿರಲಿಲ್ಲ. ಕುರಿ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ನೆಟ್ಟಗೆ ನನ್ನ ಮುಂದೆ ನಿಂತಳು.

"ಯಾವ ಆಫೀಸ್ನೋರು? ಅಳತೆ ಮಾಡಾಕೆ ಬಂದೀರೇನು?"

"ಅಳತೆ ಅಲ್ಲಮ್ಮ. ಫೋಟೋ."

"ಮೊದ್ಲು ಫೋಟೋ ಅಂತಾರೆ. ಆಮ್ಯಾಕೆ ಕಲ್ಲು ನೆಡ್ತಾರೆ."

"ಜಿಂಕೆ ತೆಗೆಯಬೇಕು."

"ಜಿಂಕೆಗ್ಯಾಕೆ ಮೂರು ಕಾಲು? ತೆಗೀರಿ ಅದನ್ನ, ನಮ್ ಕುರಿ ಬೆದರ್ತಾವೆ."

ತೆಗೆದೆ. ಈ ಬಯಲಿನಲ್ಲಿ ಮೂರು ಕಾಲಿನ ಸಾಮಾನು ತಂದವರೆಲ್ಲ ಇಲ್ಲಿಯವರೆಗೆ ಏನು ಮಾಡಿ ಹೋದರು ಎಂಬುದಕ್ಕೆ ಆ ಗೋಡೆಯೇ ಎದುರಿಗಿತ್ತು. ಅವಳು ಕೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಕಾರಣವಿರಲಿಲ್ಲ. ಅವಳು ಹೋಗುವಾಗ ತಿರುಗಿ, "ನೀರೈತಾ ನಿಮ್ ಹತ್ರ?" ಎಂದು ಕೇಳಿದಳು. ಇದೆ ಎಂದೆ. "ಹಂಗಾರೆ ಸರಿ," ಎಂದು ಮುಂದಕ್ಕೆ ನಡೆದಳು. ಇಲ್ಲದಿದ್ದರೆ ಅವಳೇ ಕೊಡುತ್ತಿದ್ದಳು ಎಂದು ಕಾಣುತ್ತದೆ.

ಸ್ಟ್ಯಾಂಡ್ ಇಲ್ಲದೆ ಆ ಭಾರದ ಕ್ಯಾಮೆರಾವನ್ನು ಮೊಣಕಾಲಿನ ಮೇಲೆ ಊರಿ ಹಿಡಿದೆ. ಒಂಬತ್ತರ ಸುಮಾರಿಗೆ ಜಿಂಕೆಗಳು ಬಂದವು, ಕೃಷ್ಣಮೃಗಗಳು; ಏಳೆಂಟು ಹೆಣ್ಣು, ಹಿಂದೆ ತಿರುಚಿದ ಕೊಂಬಿನ ಒಂದು ಗಂಡು. ಬೆನ್ನು ಕಡುಗಪ್ಪು, ಹೊಟ್ಟೆ ಬಿಳುಪು. ಗುಂಡಿ ಒತ್ತಿದರೆ ಕ್ಯಾಮೆರಾ ಒಂದು ಗಳಿಗೆ ಯೋಚಿಸಿ ಆಮೇಲೆ ಕ್ಲಿಕ್ ಎನ್ನುತ್ತಿತ್ತು. ಅಷ್ಟರೊಳಗೆ ಜಿಂಕೆ ಚೌಕಟ್ಟಿನಿಂದ ಆಚೆ. ಇಪ್ಪತ್ತಮೂರು ಚಿತ್ರಗಳಲ್ಲಿ ಹದಿನೇಳು ಬರೀ ಹುಲ್ಲು. ಉಳಿದ ಆರರಲ್ಲಿ ಗಂಡಿನ ಬೆನ್ನು ಕಪ್ಪಾಗಿರಲಿಲ್ಲ. ಹುರಿದ ಕಾಫಿಬೀಜಕ್ಕೆ ಕೆಂಪು ಬೆರೆಸಿದ ಹಾಗಿತ್ತು. ಕೊಂಬು ಮರೆಯಾಗಿದ್ದ ಎರಡು ಚಿತ್ರಗಳಲ್ಲಿ ಅದು ಗಂಡೇ ಎಂದು ಹೇಳುವುದು ನನಗೇ ಕಷ್ಟವಾಯಿತು. ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಭೂದೃಶ್ಯ ಪರವಾಗಿಲ್ಲ, ಎಳೆಬಿಸಿಲಿನ ಹುಲ್ಲಿನ ಬಣ್ಣ ಚೆನ್ನ. ವನ್ಯಜೀವಿಗೆ ನಿಧಾನ. ಕಪ್ಪನ್ನು ನಂಬಬೇಡ.

ಸಂಜೆ ತಳಕಿನಲ್ಲಿ ಬಸ್ ಬದಲಿಸುವಾಗ ಚಹಾದಂಗಡಿಯವನು ನನ್ನ ಮುಖ ನೋಡಿ, ಕೇಳದೆಯೇ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿದ.

ಕೊಂಡ್ಲಹಳ್ಳಿಯ ಆಚೆ

ಬಾಬಾಜಾನ್ ಫೋನ್ ಮಾಡಿ ಹೇಳಿದ್ದರಿಂದ ಓಬಯ್ಯ ಬೈಕಿನಲ್ಲಿ ಬಂದು ಕೊಂಡ್ಲಹಳ್ಳಿಯ ನಿಲ್ದಾಣದಲ್ಲಿ ಕಾಯುತ್ತಿದ್ದ. ನಲವತ್ತರ ವಯಸ್ಸು, ತೆಳ್ಳಗಿನ ಆಳು, ಮಾತು ಕಡಿಮೆ. ಊರಿನಿಂದ ಆಚೆ ಒಂದು ದಿಬ್ಬದ ಪಕ್ಕದಲ್ಲಿ ಅವರ ಹಟ್ಟಿ. ಐದಾರು ಮನೆ, ಪ್ರತಿಯೊಂದರ ಮುಂದೆಯೂ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿರೊಪ್ಪ. ಬೈಕು ಹಟ್ಟಿ ಮುಟ್ಟುವ ಮೊದಲೇ ಒಂದು ನಾಯಿ ಎದುರಿಗೆ ಓಡಿಬಂತು. ಮೂಗಿನಿಂದ ಬಾಲದವರೆಗೆ ಕಪ್ಪು, ಒಂದು ಬಿಳಿ ಕೂದಲೂ ಇಲ್ಲ. ನನ್ನ ಚೀಲ ಮೂಸಿತು, ಕ್ಯಾಮೆರಾದ ಚರ್ಮದ ಪಟ್ಟಿಯನ್ನು ಇನ್ನಷ್ಟು ಹೊತ್ತು ಮೂಸಿತು.

"ಕಾಳ, ಬಾರ್ಲಾ ಈ ಕಡೆ," ಎಂದ ಓಬಯ್ಯ. ನಾಯಿ ಅವನ ಕಾಲ ಪಕ್ಕ ಬಂದು ಕುಳಿತಿತು. ಅದಕ್ಕೆ ಇನ್ನೊಂದು ಸಲ ಹೇಳಬೇಕಾಗಲಿಲ್ಲ.

ಓಬಯ್ಯನ ತಾಯಿ ಬೋರವ್ವ ಮುದ್ದೆ, ಹುರುಳಿಸಾರು ಬಡಿಸಿದರು. ಉಣ್ಣುವಾಗಲೇ ಪಕ್ಕದ ರೊಪ್ಪದ ತಿಪ್ಪೇಸ್ವಾಮಿ ಬಂದು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು. ಐವತ್ತು ದಾಟಿದ ದಪ್ಪ ಮೀಸೆಯವರು, ಓಬಯ್ಯನಿಗೆ ಸಂಬಂಧದಲ್ಲಿ ಮಾವ. ಅವರು ಸುತ್ತು ಬಳಸಲಿಲ್ಲ.

"ಸಾರ್, ನೀವು ಪೇಪರ್ನೋರಂತೆ. ಒಳ್ಳೇದಾತು. ಹದಿನೈದು ದಿನದಾಗೆ ನಂದು ಮೂರು ಮರಿ ಹೋದ್ವು. ಬೆಳಕು ಹರಿಯೋ ಹೊತ್ತಿಗೆ ಬಂದು ಒಯ್ತೈತೆ. ಇವನು ತೋಳ ಅಂತಾನೆ. ನಾನು ತೋಳ ಅಲ್ಲ ಅಂತೀನಿ."

"ಮತ್ತೇನು?"

ತಿಪ್ಪೇಸ್ವಾಮಿ ಅಂಗಳದ ಕಡೆ ಗಲ್ಲ ಎತ್ತಿದರು. ಅಲ್ಲಿ ಕಾಳ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತ್ತು.

"ಲೇ ಓಬ, ನಿನ್ ನಾಯಿಗೆ ರುಚಿ ಹತ್ತೈತೆ."

"ಮಾವ, ನೀನು ಕಂಡಿದೀಯಾ?"

"ಕಂಡಿದ್ರೆ ಇಷ್ಟೊತ್ತಿಗೆ ಅದು ಇರ್ತಿತ್ತಾ?"

"ಕಾಣ್ದೆ ಹೆಂಗೆ ಹೇಳ್ತೀಯ?"

"ತೋಳ ಬಂದ್ರೆ ನಾಯಿ ಬೊಗಳ್ಬೇಕಲ್ಲೋ. ಮೂರು ಸಲಾನೂ ನಿನ್ ನಾಯಿ ಕಮಕ್ ಕಿಮಕ್ ಅನ್ಲಿಲ್ಲ. ತೋಳದ ಜೊತೆ ಬೀಗಸ್ತನ ಮಾಡೈತಾ?"

ಹೊರಗೆ ಕುಳಿತಿದ್ದ ಯಾರೋ ನಕ್ಕರು. ಓಬಯ್ಯ ನಗಲಿಲ್ಲ. ಬೋರವ್ವ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟು, ನನಗೆ ಹೇಳುವ ಹಾಗೆ ಎಲ್ಲರಿಗೂ ಹೇಳಿದರು. "ಮರಿ ರುಚಿ ಹತ್ತಿದ ನಾಯೀನ ಹಟ್ಟಿಯಾಗೆ ಇಟ್ಕಳಂಗಿಲ್ಲ ಕಣಪ್ಪ. ನಮ್ದಾದ್ರೂ ಅಷ್ಟೇ, ಇನ್ನೊಬ್ರದಾದ್ರೂ ಅಷ್ಟೇ. ಆದ್ರೆ ಕಾಣ್ದೆ ಹೊಡೆಯಂಗೂ ಇಲ್ಲ."

ಹಟ್ಟಿಯವರೆಲ್ಲ ಸೇರಿ ಅಷ್ಟರವರೆಗೆ ಒಪ್ಪಿದ್ದರು. ಯಾರಾದರೂ ಕಣ್ಣಾರೆ ಕಂಡರೆ ಕಾಳನ ಕಥೆ ಮುಗಿಯಿತು. ತೋಳವೆಂದು ಗೊತ್ತಾದರೆ ಕಾಳ ಉಳಿಯಿತು. ಬೆಳಿಗ್ಗೆ ದಿಬ್ಬದ ಮೇಲೆ ಕುಳಿತು ಬಯಲಿನ ಚಿತ್ರ ತೆಗೆಯುತ್ತೇನೆ ಎಂದು ನಾನು ಮೊದಲೇ ಹೇಳಿದ್ದೆ. ತಿಪ್ಪೇಸ್ವಾಮಿ ಎದ್ದು ನಿಂತು ಅದಕ್ಕೆ ತಮ್ಮದೊಂದು ಸಾಲು ಸೇರಿಸಿದರು. "ಬಯಲು ಎಲ್ಲಿಗೂ ಹೋಗಲ್ಲ ಸಾರ್. ನನ್ ರೊಪ್ಪದ ಕಡೀಕೂ ಒಂದ್ ಕಣ್ಣಿಡ್ರಿ."

ಮರುದಿನ, ದಿಬ್ಬದ ಮೇಲೆ

ಎಡಕ್ಕೆ ಹಟ್ಟಿ, ಬಲಕ್ಕೆ ಹಳ್ಳ, ಬೆನ್ನಿಗೆ ಹುಟ್ಟುವ ಸೂರ್ಯ. ಬಂಡೆ ತಣ್ಣಗಿತ್ತು, ಸೊಂಟಕ್ಕೆ ಅದು ಹಿತವಾಗಿರಲಿಲ್ಲ. ಮೊದಲ ಬಿಸಿಲು ಹುಲ್ಲಿನ ತುದಿಗೆ ಬಿದ್ದಾಗ ನಾಲ್ಕು ಚಿತ್ರ ತೆಗೆದೆ. ಇಡೀ ಪ್ರವಾಸದ ಒಳ್ಳೆಯ ಚಿತ್ರಗಳು ಆ ನಾಲ್ಕೇ. ಎಲ್ಲೋ ಗೌಜಲಹಕ್ಕಿಗಳು ಕೂಗುತ್ತಿದ್ದವು, ಒಂದೂ ಕಾಣಲಿಲ್ಲ.

ಆಗ ಇಳಿಜಾರಿನಲ್ಲಿ ಏನೋ ಸರಿದಂತಾಯಿತು. ಆ ಕ್ಯಾಮೆರಾಕ್ಕೆ ಕಣ್ಣಿಡಬೇಕಾದರೆ ನಾನು ಕನ್ನಡಕ ತೆಗೆಯಬೇಕು. ನೋಡುವ ಕಿಂಡಿಯ ಗಾಜಿಗೋ ಬೂಷ್ಟು ಹಿಡಿದಿತ್ತು. ಕನ್ನಡಕ ತೆಗೆದೆ, ಕಣ್ಣಿಟ್ಟೆ, ಗುಂಡಿ ಒತ್ತಿದೆ. ಕ್ಯಾಮೆರಾ ಯೋಚಿಸಿತು. ಇನ್ನೊಮ್ಮೆ ಒತ್ತಿದೆ. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಇಳಿಜಾರು ಖಾಲಿ. ನನ್ನ ಬರಿಗಣ್ಣಿಗೆ ಕಂಡದ್ದು ಒಂದು ಚಲನೆ ಮಾತ್ರ. ಅದರ ಬಣ್ಣವಾಗಲಿ ಜಾತಿಯಾಗಲಿ ನಾನು ಕಂಡೆ ಎಂದು ಹೇಳಲಾರೆ.

ಹಟ್ಟಿಯಿಂದ ತಿಪ್ಪೇಸ್ವಾಮಿಯ ಕೂಗು ಕೇಳಿತು. "ಇನ್ನೊಂದು ಹೋತು ಕಣ್ರಪ್ಪೋ!"

ಇಳಿದು ಹೋದೆ. ರೊಪ್ಪದ ಮೂಲೆಯಲ್ಲಿ ಬೇಲಿ ಒಂದಿಷ್ಟು ಸರಿದಿತ್ತು, ಒಳಗೆ ಒಂದು ತಾಯಿಕುರಿ ಬಿಡದೆ ಅರಚುತ್ತಿತ್ತು. ಹಟ್ಟಿಯ ಅಷ್ಟೂ ಜನ ನನ್ನ ಸುತ್ತ ಸೇರಿದರು. ಕಾಳ ಅಲ್ಲಿರಲಿಲ್ಲ. "ಕುರಿ ಸದ್ದಿಗೆ ಹಿಂದೆ ಓಡಿರ್ತೈತೆ," ಎಂದ ಓಬಯ್ಯ. ಅವನನ್ನು ಯಾರೂ ಕೇಳಿರಲಿಲ್ಲ.

ಮೊದಲ ಚಿತ್ರ ಬರೀ ಹುಲ್ಲು. ಎರಡನೆಯದರಲ್ಲಿ ಏನೋ ಇತ್ತು. ಆದರೆ ಬಿಸಿಲಿನಲ್ಲಿ ಆ ಪುಟ್ಟ ಪರದೆ ಕನ್ನಡಿಯಾಗಿ, ಅವರ ಮುಖಗಳನ್ನೇ ಅವರಿಗೆ ತೋರಿಸುತ್ತಿತ್ತು. ಬೋರವ್ವ ಒಳಗಿನಿಂದ ಕರಿಕಂಬಳಿ ತಂದು ನಮ್ಮ ಮೇಲೆ ಎಸೆದರು. "ಇದನ್ನ ಹೊದ್ಕಂಡು ನೋಡ್ರಿ. ಬಿಸಿಲಾಗೆ ಅದೇನ್ ಕಾಣ್ತೈತೆ."

ಕಂಬಳಿಯೊಳಗೆ ಮೂರು ತಲೆ: ನಾನು, ಓಬಯ್ಯ, ತಿಪ್ಪೇಸ್ವಾಮಿ. ಉಣ್ಣೆಯ ವಾಸನೆ, ಬೀಡಿಯ ವಾಸನೆ. ಪರದೆಯ ನಡುವೆ ಹೆಬ್ಬೆಟ್ಟಿನ ಉಗುರಿನಷ್ಟು ಒಂದು ಪ್ರಾಣಿ, ಅಲುಗಿದ ಚಿತ್ರ. ಬಾಯಲ್ಲಿ ಬಿಳಿಯದೊಂದು ಗಂಟಿನಂಥದ್ದು. ಪ್ರಾಣಿಯ ಮೈ ಎಳೆಬಿಸಿಲಿನಲ್ಲಿ ಸ್ಪಷ್ಟವಾಗಿ ಕೆಂಪುಗಂದು.

"ಕೆಂದ ಐತಲ್ಲೋ ಇದು," ಎಂದರು ತಿಪ್ಪೇಸ್ವಾಮಿ. ಅವರ ದನಿಯಲ್ಲಿ ನಿರಾಸೆಯಿತ್ತೋ ಸಮಾಧಾನವಿತ್ತೋ ಕಂಬಳಿಯೊಳಗೆ ತಿಳಿಯಲಿಲ್ಲ. "ನಿನ್ ಕಾಳ ಮಸಿ. ಇದು ಕೆಂದ. ತೋಳ ಕಣೋ, ತೋಳಾನೇ."

"ಹೂಂ ಮಾವ, ಕೆಂದ," ಎಂದ ಓಬಯ್ಯ.

ಕಂಬಳಿ ಸರಿಸಿ ಹೊರಗೆ ಬಂದೆವು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ನುಗ್ಗಿ ನೋಡಿ ಬಂದರು. ಕೆಂದ, ಕೆಂದ ಎಂಬ ಮಾತು ಹಟ್ಟಿಯ ತುಂಬ ಓಡಾಡಿತು. ತಿಪ್ಪೇಸ್ವಾಮಿ ಓಬಯ್ಯನ ಬೆನ್ನಿಗೆ ಒಂದು ಗುದ್ದಿ, "ಹದಿನೈದು ದಿನ ನನ್ ಕಡೆ ಮುಖ ಕೊಟ್ಟು ಮಾತಾಡಿಲ್ಲ ನನ್ಮಗ. ನಡಿ, ಇವತ್ತು ಚಾ ನಮ್ಮನ್ಯಾಗೆ," ಎಂದರು. ಅಷ್ಟರಲ್ಲಿ ಕಾಳ ಮನೆಯ ಹಿಂದಿನಿಂದ ಬಂತು. ಮೈ ಒದ್ದೆಯಾಗಿತ್ತು. ಹಳ್ಳದಲ್ಲಿ ಬಿದ್ದು ಎದ್ದ ಹಾಗೆ.

ಚಹಾ ಕುಡಿದೆ. ಇಡೀ ಲೋಟ ಕುಡಿದೆ, ಬೇಕೆಂದೇ ನಿಧಾನವಾಗಿ. ನನಗೆ ದಣಿವಾಗಿತ್ತು. ಮಧ್ಯಾಹ್ನದ ಬಸ್ಸು ಹಿಡಿದರೆ ಮರುದಿನ ಮಂಗಳೂರು. ಇವರ ಹಟ್ಟಿಯ ನಾಯಿ, ಇವರ ಮರಿ. ನಾನು ಬಂದದ್ದು ಒಂದು ಯಂತ್ರ ಪರೀಕ್ಷಿಸಲು. ಆದರೆ ಆ ಚಿತ್ರದ ಬಣ್ಣವನ್ನು ನಂಬುವಂತಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಡಿಬರಹ ತಪ್ಪಾದರೆ ಪತ್ರಿಕೆಯಲ್ಲಿ ಮರುದಿನ ತಿದ್ದುಪಡಿ ಹಾಕುತ್ತೇವೆ. ಇಲ್ಲಿ ತಿದ್ದದೆ ಬಿಟ್ಟರೆ ಮರುದಿನ ತಿಪ್ಪೇಸ್ವಾಮಿಯ ಇನ್ನೊಂದು ಮರಿ ಹೋಗಬಹುದು. ತಿದ್ದಿದರೆ ಓಬಯ್ಯನ ನಾಯಿ.

ಲೋಟ ಕೆಳಗಿಟ್ಟು, "ಆ ಕಂಬಳಿಯನ್ನು ಒಂದು ಸಲ ಬಿಸಿಲಿಗೆ ಹರಡಿ," ಎಂದೆ.

ಬೋರವ್ವ ಹರಡಿದರು. ಚಿತ್ರ ತೆಗೆದು, ಮನೆಯ ನೆರಳಿಗೆ ಕರೆದು ತಿಪ್ಪೇಸ್ವಾಮಿಗೆ ತೋರಿಸಿದೆ. ಅವರು ಪರದೆ ನೋಡಿದರು, ಕಂಬಳಿ ನೋಡಿದರು, ಮತ್ತೆ ಪರದೆ ನೋಡಿದರು.

"ಕಂಬಳಿ ಕೆಂದ ಆಗೈತೆ."

"ಈ ಕ್ಯಾಮೆರಾ ಕರಿಯದನ್ನು ಹೀಗೆ ತೋರಿಸುತ್ತದೆ. ಜಿಂಕೆಯನ್ನೂ ಹೀಗೆಯೇ ತೋರಿಸಿತು. ಆ ಪ್ರಾಣಿ ಕೆಂದ ಇರಬಹುದು, ಕರಿಯದೂ ಇರಬಹುದು. ಚಿತ್ರ ನೋಡಿ ಎರಡರಲ್ಲಿ ಒಂದನ್ನು ಹೇಳಲು ಆಗುವುದಿಲ್ಲ. ಮೊದಲೇ ಹೇಳಬೇಕಿತ್ತು. ತಡವಾಯಿತು."

ರೊಪ್ಪದಲ್ಲಿ ತಾಯಿಕುರಿ ಇನ್ನೂ ಅರಚುತ್ತಲೇ ಇತ್ತು. ಓಬಯ್ಯ ಕೈ ಚಾಚಿದ. "ಇನ್ನೊಂದ್ ಸಲ ಕೊಡ್ರಿ ಸಾರ್."

ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಅಂಗಳದಲ್ಲಿ ಒಬ್ಬನೇ ಕುಳಿತ. ಬಹಳ ಹೊತ್ತು ಕುಳಿತ. ಕಾಳ ಬಂದು ಕಂಬಳಿಯ ಅಂಚಿನಡಿ ಮೂತಿ ತೂರಿಸಿತು. ಒಳಗಿನಿಂದ ಬಂದ ಒಂದು ಕೈ ಆ ಮೂತಿಯನ್ನು ಮೆಲ್ಲಗೆ ಹೊರಕ್ಕೆ ತಳ್ಳಿತು. ಆಮೇಲೆ ಅವನು ಕಂಬಳಿ ತೆಗೆದ.

"ಕಾಳಾನೇ ಮಾವ."

"ಹೆಂಗೆ ಹೇಳ್ತೀಯ? ಸಾರೇ ಹೇಳಾಕಾಗಲ್ಲ ಅಂತಾರೆ."

"ಮರೀನ ಹಿಡ್ಕಂಡಿರೋದು ನೋಡು. ತೋಳ ಆದ್ರೆ ಕುತ್ತಿಗೆ ಹಿಡೀತೈತೆ. ಇದು ಬೆನ್ನಿನ ಚರ್ಮ ಹಿಡ್ದೈತೆ, ಪೆಟ್ಟಾಗ್ದಂಗೆ." ಅವನು ನೆಲ ನೋಡಿಕೊಂಡು ಹೇಳಿದ. "ಹೋದ ಮಳೆಗಾಲದಾಗೆ ಹಳ್ಳದಾಗೆ ಹಿಂದುಳಿದ ಮರಿಗಳ್ನ ಹಿಂಗೇ ಹಿಡಿದು ತರ್ತಿತ್ತು. ನಾನೇ ಕಲ್ಸಿದ್ದು. ಹಳೇ ಕಂಬಳಿ ತುಂಡು ಕೊಟ್ಟು, ಕಚ್ಚಬಾರದು, ಹಿಡೀಬೇಕು ಅಂತ."

ಬೇರೆ ಯಾರೂ ಕೇಳದಿದ್ದುದರಿಂದ ನಾನು ಕೇಳಿದೆ. "ಹಾಗಾದರೆ ಹಟ್ಟಿಗೆ ವಾಪಸ್ ತರುತ್ತಿತ್ತೋ ಏನೋ?"

ಓಬಯ್ಯ ನನ್ನ ಮುಖ ನೋಡಿದ. "ನೀವು ಕೂತಿದ್ದ ಕಡೆಯಿಂದ ಹಟ್ಟಿ ಯಾವ ಕಡೀಕೆ ಸಾರ್?"

"ಎಡಕ್ಕೆ."

"ಅದರ ತಲೆ?"

ಬಲಕ್ಕಿತ್ತು. ಹಳ್ಳದ ಕಡೆಗೆ. ಅದನ್ನು ನಾನು ಅವನಿಗೆ ಹೇಳಬೇಕಾಗಿರಲಿಲ್ಲ.

"ಮೊದ್ಲೇ ಗುರ್ತು ಸಿಕ್ಕಿತ್ತಾ ನಿಂಗೆ? ಕಂಬ್ಳಿಯೊಳಗೇ?" ಎಂದು ಕೇಳಿದರು ತಿಪ್ಪೇಸ್ವಾಮಿ.

"ನೀನು ಕೆಂದ ಅಂದೆ. ನಾನೂ ಹೂಂ ಅಂದೆ."

ತಿಪ್ಪೇಸ್ವಾಮಿ ಬೈಯುತ್ತಾರೆಂದುಕೊಂಡೆ. ಅವರು ಮೀಸೆ ಒರೆಸಿಕೊಂಡು, ತಮ್ಮ ರೊಪ್ಪದ ಕಡೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದರು. "ನಾನು ಹೊಡೀತೀನಿ ಅಂತ ಬಾಯಿ ಬಿಟ್ಟಿದ್ದೆ, ಖರೆ. ನೀನೇ ಒಪ್ಕಂಡ ಮ್ಯಾಲೆ ಕೈ ಏಳಲ್ಲ ಕಣೋ. ಆದ್ರೆ ಇಲ್ಲಿ ಬ್ಯಾಡ. ಕುರಿ ಇರೋ ಕಡೆ ಎಲ್ಲೂ ಬ್ಯಾಡ. ಇವತ್ತೇ ಗಡಿ ದಾಟಿಸು."

ಮೊಳಕಾಲ್ಮೂರು, ಅದರಾಚೆ

ಗಡಿಯೆಂದರೆ ಇಲ್ಲಿ ದೂರವೇನಲ್ಲ. ಮೊಳಕಾಲ್ಮೂರು ಸೀಮೆಯಲ್ಲಿ ಯಾವ ದಾರಿ ಹಿಡಿದು ಸ್ವಲ್ಪ ಹೊತ್ತು ಹೋದರೂ ಆಂಧ್ರ ಸಿಗುತ್ತದೆ. ಓಬಯ್ಯನ ಅಕ್ಕ ಮಾರಕ್ಕನನ್ನು ಆಚೆಯ ಹಳ್ಳಿಗೆ ಕೊಟ್ಟಿದ್ದರು. ಅವಳೂ ಅವಳ ಗಂಡನೂ ಯಾರದೋ ದಾಳಿಂಬೆ ತೋಟ ಕಾಯುತ್ತಾರೆ. ಅಲ್ಲಿ ಹಂದಿಯ ಕಾಟವಿದೆ, ಕುರಿಯಿಲ್ಲ.

ಲಗೇಜ್ ಆಟೋದ ಹಿಂದೆ ನಾವು ಮೂವರು: ಓಬಯ್ಯ, ಕಾಳ, ನಾನು. ನನ್ನನ್ನು ಮೊಳಕಾಲ್ಮೂರಿನಲ್ಲಿ ಇಳಿಸುತ್ತೇನೆ ಎಂದಿದ್ದ. ನಾನು ಇಳಿಯಲಿಲ್ಲ. ಕೈಮಗ್ಗದ ಸದ್ದು ಕೇಳುವ ಬೀದಿ ದಾಟಿ, ಬಂಡೆಗಳನ್ನು ಯಾರೋ ಪೇರಿಸಿಟ್ಟಂತಿದ್ದ ಬೆಟ್ಟಗಳ ನಡುವೆ ಆಟೋ ಕುಲುಕುತ್ತ ಹೋಯಿತು. ಕುಲುಕಾಟಕ್ಕೆ ನಾಯಿ ಎರಡು ಸಲ ವಾಂತಿ ಮಾಡಿಕೊಂಡಿತು. ಎರಡನೆಯದು ನನ್ನ ಚೀಲದ ಮೇಲೆ. ಓಬಯ್ಯ ತನ್ನ ಟವೆಲ್ಲಿನಿಂದ ಒರೆಸಿದ.

"ನಾನು ಸುಮ್ಮನಿದ್ದಿದ್ದರೆ?" ಎಂದು ಕೇಳಿದೆ.

"ಇದ್ದಿದ್ರೆ ಚೆನ್ನಾಗಿತ್ತು ಸಾರ್," ಎಂದ. ಟವೆಲ್ಲನ್ನು ಮಡಚಿ ಪಕ್ಕಕ್ಕಿಟ್ಟು ತಾನೇ ಹೇಳಿದ. "ನಾಳೆ ಇನ್ನೊಂದು ಮರಿ ಹೋಗ್ತಿತ್ತು. ಮಾವನ ಕಣ್ಣಿಗೆ ಬಿದ್ದಿದ್ರೆ ಕಲ್ಲಾಗೆ ಹೊಡೀತಿದ್ದ. ಹೊಡೀಲಿಲ್ಲ ಅಂದ್ರೆ ನಾನೇ ಹೊಡೀಬೇಕಾಗ್ತಿತ್ತು."

ಗಡಿ ಎಲ್ಲಿ ದಾಟಿತೋ ತಿಳಿಯಲಿಲ್ಲ. ಅಂಗಡಿಗಳ ಫಲಕದ ಅಕ್ಷರ ಬದಲಾಯಿತು, ರಸ್ತೆ ಒಂದಿಷ್ಟು ನುಣುಪಾಯಿತು, ಅಷ್ಟೇ. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗಲೂ ನನಗೆ ಹೀಗೆಯೇ ಆಗುತ್ತದೆ.

ದಾಳಿಂಬೆ ತೋಟದ ಗೇಟಿನ ಬಳಿ ಮಾರಕ್ಕ ನಿಂತಿದ್ದಳು. ತಮ್ಮನನ್ನು ನೋಡಿ ಮೊದಲು ತೆಲುಗಿನಲ್ಲಿ ಬೈದಳು, ಆಮೇಲೆ ಕನ್ನಡದಲ್ಲಿ. "ಆರು ತಿಂಗಳಾತು ಮಖ ತೋರ್ಸಿ. ಈಗ ನಾಯಿ ಹಿಡ್ಕಂಡು ಬಂದೀಯಾ? ನಾಯಿಗಾದ್ರೂ ನೆನಪಿರ್ತೈತೆ, ನಿಂಗಿಲ್ಲ."

"ಅಕ್ಕಾ, ಇಟ್ಕ. ಹಂದಿಗೆ ಒಳ್ಳೇದು. ಬಿಚ್ಬ್ಯಾಡ, ಒಂದ್ ತಿಂಗ್ಳು ಕಟ್ಟೇ ಇಡು."

ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದ್ದನೆಂದು ಕಾಣುತ್ತದೆ, ಕಾರಣ ಕೇಳಲಿಲ್ಲ. ಅನ್ನ ತಂದು ಮುಂದಿಟ್ಟಳು. ಕಾಳ ಓಬಯ್ಯನ ಮುಖ ನೋಡಿತು. ಅವನು ತಲೆಯಾಡಿಸಿದ ಮೇಲೆ ತಿಂದಿತು. ತಿನ್ನುತ್ತಿರುವಾಗ ಅವನು ಹಗ್ಗದ ಇನ್ನೊಂದು ತುದಿಯನ್ನು ಬೇವಿನ ಬುಡಕ್ಕೆ ಎರಡು ಗಂಟು ಹಾಕಿ ಕಟ್ಟಿದ. ಗಂಟನ್ನು ಎಳೆದು ನೋಡಿದ.

"ಪೇರೇಮಿರಾ ದೀನಿಕಿ?" ಎಂದು ಕೇಳಿದಳು ಮಾರಕ್ಕ. ಹೆಸರೇನು ಎಂದು.

"ಹೆಸರಿಲ್ಲ ಅಕ್ಕ. ನೀನೇ ಏನಾರ ಇಡು."

ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಚಿತ್ರ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ನಾನೂ ತೆಗೆಯಲಿಲ್ಲ.

ಆಟೋ ತಿರುಗಿ ರಸ್ತೆಗೆ ಬಂತು. ಹಿಂದಿನಿಂದ ಒಂದು ಸಲ ಬೊಗಳಿದ್ದು ಕೇಳಿತು, ಆಮೇಲೆ ಇಂಜಿನಿನ ಸದ್ದು. ಫಲಕಗಳು ಮತ್ತೆ ಕನ್ನಡಕ್ಕೆ ಬಂದವು. ಆಗ, ನಾನು ಕೇಳದಿದ್ದರೂ ಓಬಯ್ಯ ಹೇಳಿದ.

"ಹೆಸರು ಹೇಳಿದ್ರೆ ಅಕ್ಕ ದಿನಾ ಕೂಗ್ತಾಳೆ ಸಾರ್. ಅವಳ ದನಿ ನಮ್ಮವ್ವಂದೇ. ಕೂಗಿದಾಗೆಲ್ಲ ಅದು ನಮ್ಮ ಹಟ್ಟಿಗೇ ಕರೆದ್ರು ಅನ್ಕಂತೈತೆ."